ಕನ್ವರ್ಷನ್ ಆಗಿದ್ದರೆ ಸಾಕೇ?

ಪ್ರಶ್ನೆ: ಕ್ಯಾತ್ಸಂದ್ರದ ಆಚೆ ಹೊಸ ಲೇಔಟ್‌ನಲ್ಲಿ 30x40 ಸೈಟು ನೋಡಿದ್ದೇವೆ. ಬೆಲೆ 24 ಲಕ್ಷ. ‘ಡಿಸಿ ಕನ್ವರ್ಷನ್ ಆಗಿದೆ, ಇಸಿಯೂ ಕ್ಲಿಯರ್’ ಎಂದು ಏಜೆಂಟರು 8 ಲಕ್ಷ ಮುಂಗಡ ಕೇಳುತ್ತಿದ್ದಾರೆ. ಕೊಡಬಹುದೇ?
– ಓದುಗರು, ತುಮಕೂರು

ಉತ್ತರ: ಈಗಲೇ ಕೊಡಬೇಡಿ. ಕನ್ವರ್ಷನ್ ಎಂದರೆ ಕೃಷಿ ಜಮೀನನ್ನು ವಸತಿಗೆ ಬಳಸಲು ಜಿಲ್ಲಾಧಿಕಾರಿ ಕೊಡುವ ಆದೇಶ, ಅಷ್ಟೇ. ಅದರಲ್ಲಿ ಸರ್ವೆ ನಂಬರು, ಎಕರೆ-ಗುಂಟೆ ಇರುತ್ತದೆಯೇ ಹೊರತು ನಿಮ್ಮ ಸೈಟು ಇರುವುದಿಲ್ಲ. ನಗರಾಭಿವೃದ್ಧಿ ಪ್ರಾಧಿಕಾರದವರು ಲೇಔಟ್ ನಕ್ಷೆಗೆ ಮೊಹರು ಹಾಕಿದ ಮೇಲೆಯೇ ಸೈಟಿಗೆ ಲೆಕ್ಕ. ಆಮೇಲೂ ರಸ್ತೆ, ಚರಂಡಿ, ನೀರು, ಕರೆಂಟಿನ ಕೆಲಸ ನಡೆದಂತೆ ಸೈಟುಗಳನ್ನು ಹಂತಹಂತವಾಗಿ ಬಿಡುಗಡೆ ಮಾಡುತ್ತಾರೆ. ಬಿಡುಗಡೆ ಪತ್ರದಲ್ಲಿ ನಿಮ್ಮ ಸೈಟ್ ನಂಬರ್ ಇದೆಯೇ ನೋಡಿ. ಬಣ್ಣದ ಬ್ರೋಷರ್‌ನ ನಕ್ಷೆಗೆ ಬೆಲೆಯಿಲ್ಲ.

ಇಸಿ (ಋಣಭಾರ ಪ್ರಮಾಣಪತ್ರ) ಎಂದರೆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ. ಇದರ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಹೊಸ ಸೈಟ್ ನಂಬರಿಗೆ ಇಸಿ ತೆಗೆಸಿದರೆ ನಮೂನೆ 16, ಅಂದರೆ ‘ಯಾವ ವ್ಯವಹಾರವೂ ಇಲ್ಲ’ ಎಂದೇ ಬರುತ್ತದೆ. ಆ ನಂಬರು ಹುಟ್ಟಿದ್ದೇ ಮೊನ್ನೆ ಮೊನ್ನೆ. ಮೂಲ ಸರ್ವೆ ನಂಬರಿಗೆ ಕನಿಷ್ಠ 30 ವರ್ಷದ ಇಸಿ ತೆಗೆಸಿ. ನೋಂದಣಿಯಾದ ಅಡಮಾನ, ಕರಾರು, ವಿಭಾಗಪತ್ರ ಏನಿದ್ದರೂ ನಮೂನೆ 15ರಲ್ಲಿ ಕಾಣುತ್ತದೆ. ಜೊತೆಗೆ ಹಳೆಯ ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆ ದಾಖಲೆ) ಓದಿಸಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದು, ಸರ್ಕಾರದ ಅನುಮತಿಯಿಲ್ಲದೆ ಕೈಬದಲಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಮಾರಾಟ ಅಸಿಂಧು. 2023ರ ತಿದ್ದುಪಡಿಯ ನಂತರ ಆ ಜಮೀನನ್ನು ಮರಳಿ ಕೇಳಲು ಕಾಲಮಿತಿಯೂ ಇಲ್ಲ. ನೀವು ಮನೆ ಕಟ್ಟಿ ಗೃಹಪ್ರವೇಶ ಮಾಡಿದ ಮೇಲೂ ನೋಟಿಸ್ ಬರಬಹುದು.

ಇನ್ನು ಮುಂಗಡ. 500 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ ಐದು ಗುಂಟೆ ಮೀರಿದ ಲೇಔಟ್ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾಗದೆ ಸೈಟು ಮಾರುವಂತಿಲ್ಲ, ಜಾಹೀರಾತೂ ಕೊಡುವಂತಿಲ್ಲ. ನೋಂದಣಿ ಸಂಖ್ಯೆಯನ್ನು ಕರ್ನಾಟಕ ರೇರಾ ವೆಬ್‌ಸೈಟ್‌ನಲ್ಲಿ ನೀವೇ ಹುಡುಕಿ. ಕ್ರಯದ ಕರಾರು ನೋಂದಣಿ ಆಗುವವರೆಗೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಪಡೆಯಲು ಡೆವಲಪರ್‌ಗೆ ಹಕ್ಕಿಲ್ಲ. ನಿಮ್ಮ ಲೆಕ್ಕಕ್ಕೆ ಅದು 2.40 ಲಕ್ಷ. ಅದನ್ನೂ ಯೋಜನೆಯ ಬ್ಯಾಂಕ್ ಖಾತೆಗೇ ಹಾಕಿ, ಏಜೆಂಟರ ಕೈಗೆ ನಗದು ಬೇಡ.

ಪ್ರಶ್ನೆ: ಪಂಚಾಯಿತಿಯಿಂದ 11ಬಿ ಇ-ಸ್ವತ್ತು ಮಾಡಿಸಿಕೊಡುತ್ತಾರಂತೆ. ಸಾಲ ಸಿಗುತ್ತದೆಯೇ?
– ಓದುಗರು, ಗುಬ್ಬಿ

ಉತ್ತರ: ಇ-ಸ್ವತ್ತು ಎಂದರೆ ಗ್ರಾಮ ಪಂಚಾಯಿತಿ ಆನ್‌ಲೈನ್‌ನಲ್ಲಿ ಕೊಡುವ ಆಸ್ತಿ ದಾಖಲೆ. ಅದರಲ್ಲಿ ಅನುಮೋದಿತ ಲೇಔಟ್‌ನ ಸೈಟಿಗೆ ಬರಬೇಕಾದದ್ದು ನಮೂನೆ 9 ಮತ್ತು 11ಎ. 11ಬಿ ಇದ್ದರೆ ಆ ಸೈಟಿಗೆ ಬೇಕಾದ ಅನುಮೋದನೆ ಇಲ್ಲವೆಂದೇ ತಿಳಿಯಿರಿ. ಹೆಚ್ಚಿನ ಬ್ಯಾಂಕುಗಳು ಇದರ ಮೇಲೆ ಗೃಹಸಾಲ ಕೊಡುವುದಿಲ್ಲ. ಕರಾರಿಗೆ ಮುಂಚೆಯೇ ದಾಖಲೆಗಳ ಒಂದು ಸೆಟ್ಟನ್ನು ನಿಮ್ಮ ಬ್ಯಾಂಕಿನ ಪ್ಯಾನೆಲ್ ವಕೀಲರಿಗೆ ತೋರಿಸಿ.