ಎರಡು ದಿನ ಹುಡುಕಿ ‘ಅಪರೂಪದ ಜೀವಿಗಳಿಲ್ಲ’ ಎಂದು ಬರೆದ ವರದಿಯನ್ನು ನಂಬಬಹುದೇ?

ಬಡಾವಣೆಗೆಂದು ಗುರುತಿಸಿದ ನಲವತ್ತು ಎಕರೆಯಷ್ಟು ಕಲ್ಲು, ಕುರುಚಲಿನ ಜಾಗದಲ್ಲಿ ಎರಡು ದಿನ ಸಮೀಕ್ಷೆ ನಡೆಸಿ, ಅಪರೂಪದ ಪ್ರಭೇದಗಳಾಗಲಿ ಮಹತ್ವದ ಆವಾಸಗಳಾಗಲಿ ಇಲ್ಲವೆಂದು ವರದಿ ಕೊಟ್ಟಿದ್ದಾರೆ, ಅದನ್ನು ಹೇಗೆ ಪರಿಶೀಲಿಸಬೇಕು ಎಂದು ಕೇಳಿದ್ದೀರಿ. ಇಂಥ ಸಮೀಕ್ಷಾ ತಂಡಗಳಲ್ಲಿ ಹಲವು ವರ್ಷ ದುಡಿದವನಾಗಿ ಹೇಳುವುದಾದರೆ, ಕೊನೆಯ ಪುಟದ ತೀರ್ಮಾನವನ್ನು ಸದ್ಯಕ್ಕೆ ಬದಿಗಿಟ್ಟು, ವಿಧಾನವನ್ನು ವಿವರಿಸುವ ಅಧ್ಯಾಯವನ್ನು ಮೊದಲು ಓದಿರಿ. ಯಾವ ತಿಂಗಳಲ್ಲಿ, ದಿನದ ಯಾವ ಹೊತ್ತಿನಲ್ಲಿ, ಎಷ್ಟು ಸಲ, ಯಾರು, ಏನನ್ನು ಹಿಡಿದು ಹುಡುಕಿದರು ಎಂಬ ವಿವರ ಅಲ್ಲಿಲ್ಲದಿದ್ದರೆ ‘ಕಂಡುಬಂದಿಲ್ಲ’ ಎಂಬ ಮಾತಿಗೆ ತೂಕವೇ ಇರುವುದಿಲ್ಲ.

ಇದಕ್ಕೊಂದು ಸರಳ ಲೆಕ್ಕವಿದೆ. ಒಂದು ಹಾವೋ ಕಪ್ಪೆಯೋ ಆ ಜಾಗದಲ್ಲಿ ನಿಜವಾಗಿಯೂ ಇದ್ದು, ಒಂದು ಭೇಟಿಯಲ್ಲಿ ಅದು ಕಣ್ಣಿಗೆ ಬೀಳುವ ಸಾಧ್ಯತೆ ಶೇ 30 ಎಂದಿಟ್ಟುಕೊಳ್ಳಿ. ಎರಡು ಭೇಟಿಗಳ ನಂತರವೂ ಅದು ಕಾಣದೇ ಉಳಿಯುವ ಸಾಧ್ಯತೆ ಶೇ 49, ಅಂದರೆ ನಾಣ್ಯ ಚಿಮ್ಮಿದಷ್ಟೇ ಭರವಸೆ. ಆ ಸಾಧ್ಯತೆ ಶೇ 5ಕ್ಕಿಂತ ಕೆಳಗಿಳಿಯಬೇಕಾದರೆ ಒಂಬತ್ತು ಭೇಟಿಗಳು ಬೇಕು. ಅದೂ ಪ್ರತಿ ಭೇಟಿ ಬೇರೆ ಬೇರೆ ಹವೆಯಲ್ಲಿ ನಡೆದಿದ್ದರೆ ಮಾತ್ರ. ಬೆನ್ನುಬೆನ್ನಿಗೆ ಬಂದ ಎರಡು ಒಣ ದಿನಗಳನ್ನು ಎರಡು ಭೇಟಿಗಳೆಂದು ಎಣಿಸುವುದೇ ಕಷ್ಟ.

ಕಾಲದ ವಿಷಯದಲ್ಲಿ ನಾನೇ ಎಡವಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬೇಸಿಗೆಯಲ್ಲಿ ನೋಡಿದ ಒಂದು ಹಾಸುಬಂಡೆಯ ತಗ್ಗನ್ನು ನಮೂನೆಯಲ್ಲಿ ‘ಬರಡು ಬಂಡೆ, ಸಸ್ಯವಿಲ್ಲ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೆ. ಮಳೆ ಹಿಡಿದ ಮೇಲೆ ಬೇರೆ ಕೆಲಸಕ್ಕೆ ಅದೇ ದಾರಿಯಲ್ಲಿ ಹೋದಾಗ ಆ ತಗ್ಗಿನಲ್ಲಿ ಬೆರಳುದ್ದ ನೀರು ನಿಂತಿತ್ತು, ಗೊದಮೊಟ್ಟೆಗಳು ಗುಂಪುಗಟ್ಟಿದ್ದವು, ಅಂಚಿನ ತೆಳುಮಣ್ಣಿನಲ್ಲಿ ಉಗುರಿಗಿಂತ ಚಿಕ್ಕ ಹೂಬಿಟ್ಟ ಕೀಟಾಹಾರಿ ಸಸ್ಯಗಳು ನಿಂತಿದ್ದವು. ವರ್ಷದಲ್ಲಿ ಕೆಲವೇ ವಾರ ನೆಲದ ಮೇಲೆ ತಲೆಯೆತ್ತುವ ಗೆಡ್ಡೆಗಿಡಗಳು, ಕತ್ತಲಾದ ಮೇಲಷ್ಟೇ ಪೊಟರೆಯಿಂದ ಹೊರಬರುವ ಬಾವಲಿಗಳು, ಚಳಿಗಾಲಕ್ಕೆ ಮಾತ್ರ ಬಂದಿಳಿಯುವ ಹಕ್ಕಿಗಳು, ಇವೆಲ್ಲವೂ ತಮ್ಮ ಹೊತ್ತಿಗೆ ಹೋದವರಿಗೇ ಸಿಗುವಂಥವು. ಇಂಗ್ಲೆಂಡಿನಲ್ಲಿ ಜುಟ್ಟಿನ ದೊಡ್ಡ ನ್ಯೂಟ್ ಎಂಬ ಉಭಯಜೀವಿಯ ಡಿಎನ್‌ಎಯನ್ನು ಕೊಳದ ನೀರಿನಲ್ಲಿ ಹುಡುಕುವಾಗ, ಏಪ್ರಿಲ್ 15ರಿಂದ ಜೂನ್ 30ರ ನಡುವೆ ತೆಗೆದ ಮಾದರಿಯನ್ನೇ ಅಧಿಕೃತವಾಗಿ ಒಪ್ಪುತ್ತಾರೆ. ಋತು ತಪ್ಪಿದ ಸಮೀಕ್ಷೆಗೆ ಅಲ್ಲಿ ಬೆಲೆಯಿಲ್ಲ.

‘ಅಪರೂಪ’ ಎಂಬುದನ್ನು ವರದಿ ಹೇಗೆ ಅಳೆದಿದೆ ಎಂಬುದನ್ನೂ ನೋಡಿ. ಹೆಚ್ಚಿನವರು ಯಾವ ಪ್ರಭೇದಕ್ಕೆ ಅಳಿವಿನ ಅಪಾಯ ಎಷ್ಟಿದೆ ಎಂದು ಹೇಳುವ, ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) 1964ರಲ್ಲಿ ಆರಂಭವಾದ ಕೆಂಪುಪಟ್ಟಿಯನ್ನು ತೆರೆದು, ಅಲ್ಲಿ ‘ಅಳಿವಿನಂಚಿನಲ್ಲಿರುವ’ ಎಂದಿದ್ದರೆ ಮಾತ್ರ ಗುರುತು ಹಾಕುತ್ತಾರೆ. ಅದೇ ಪಟ್ಟಿಯಲ್ಲಿ ‘ಮಾಹಿತಿ ಸಾಲದು’ ಎಂಬ ವರ್ಗವೂ ಇದೆ. ಅದನ್ನು ‘ಅಪಾಯವಿಲ್ಲ’ ಎಂದು ಓದುವುದು ನಾನು ಅತಿ ಹೆಚ್ಚು ಕಂಡ ತಪ್ಪು. ಜಗತ್ತಿನ ಮಟ್ಟದಲ್ಲಿ ಸಾಮಾನ್ಯವಾದ ಪ್ರಭೇದವೂ ಒಂದು ಪ್ರದೇಶದಲ್ಲಿ ಕೊನೆಯ ಕೆಲವೇ ತಾಣಗಳಿಗೆ ಇಳಿದಿರಬಹುದು. ಆದ್ದರಿಂದ ರಾಷ್ಟ್ರೀಯ ಹಾಗೂ ಪ್ರಾದೇಶಿಕ ಪಟ್ಟಿಗಳು, ಸಸ್ಯಸಂಗ್ರಹಾಲಯದಲ್ಲಿ ಗಿಡಗಳನ್ನು ಒಣಗಿಸಿ ಅಂಟಿಸಿಟ್ಟ ಹಳೆಯ ಹಾಳೆಗಳು, ದನ ಮೇಯಿಸುವವರ ಮಾತು, ಇವನ್ನು ಕ್ಷೇತ್ರಕ್ಕಿಳಿಯುವ ಮೊದಲೇ ಕಲೆಹಾಕಿ, ಈ ಜಾಗದಲ್ಲಿ ಏನೇನು ಇರಬಹುದು ಎಂಬ ನಿರೀಕ್ಷೆಯ ಪಟ್ಟಿಯೊಂದನ್ನು ಮಾಡಿಕೊಳ್ಳಬೇಕು. ಆ ಪಟ್ಟಿಯೇ ಇಲ್ಲದೆ ಹೋದವರು ದಾರಿಯಲ್ಲಿ ಸಿಕ್ಕಿದ್ದನ್ನು ಬರೆದುಕೊಂಡು ಬರುತ್ತಾರೆ, ಅಷ್ಟೇ.

ಆವಾಸದ ಮಾತು ಬೇರೆ. ಪ್ರಾಣಿ ತಪ್ಪಿಸಿಕೊಳ್ಳಬಹುದು, ಆವಾಸ ಎಲ್ಲಿಗೂ ಓಡಿಹೋಗುವುದಿಲ್ಲ. ಹೀಗಿದ್ದೂ ಉಪಗ್ರಹ ಚಿತ್ರದ ಮೇಲೆ ‘ಪಾಳುಭೂಮಿ’ ಎಂದು ಒಂದೇ ಬಣ್ಣ ಬಳಿದು ಕೈತೊಳೆದುಕೊಳ್ಳುವ ವರದಿಗಳು ಬೇಕಾದಷ್ಟಿವೆ. ಮರಗಳಿಲ್ಲದ ಹುಲ್ಲುಗಾವಲು, ಜೌಗು, ಬಂಡೆಯ ಹಾಸು ಎಲ್ಲವೂ ಆ ಬಣ್ಣದಡಿ ಮುಚ್ಚಿಹೋಗುತ್ತವೆ. ನಡೆದು ನೋಡಿ ಗಡಿ ಗುರುತಿಸಿದ ನಕ್ಷೆಯನ್ನು ಕೇಳಿ; ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದೂ ಅದರಲ್ಲಿರಲಿ, ಏಕೆಂದರೆ ಬೇಲಿಯ ಹೊರಗಿನ ಜೌಗು ಬೇಲಿಯೊಳಗಿನ ಅಗೆತದಿಂದ ಒಣಗಬಲ್ಲದು. ವಿಶ್ವಬ್ಯಾಂಕ್ ಸಮೂಹದ ಅಂತಾರಾಷ್ಟ್ರೀಯ ಹಣಕಾಸು ನಿಗಮದ 2012ರ ಮಾನದಂಡವು ‘ನಿರ್ಣಾಯಕ ಆವಾಸ’ ಎಂದು ಗುರುತಾದ ಕಡೆ ನಷ್ಟ ತುಂಬಿಕೊಟ್ಟರೆ ಸಾಲದು, ಅಲ್ಲಿನ ಜೀವವೈವಿಧ್ಯಕ್ಕೆ ಒಟ್ಟಾರೆ ಲಾಭವಾಗುವುದನ್ನೇ ತೋರಿಸಬೇಕು ಎನ್ನುತ್ತದೆ. ‘ಪಾಳುಭೂಮಿ’ ಎಂದು ಬರೆದುಬಿಟ್ಟರೆ ಆ ಪ್ರಶ್ನೆಯೇ ಏಳುವುದಿಲ್ಲ.

ತಡವಾದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಟೆಲಿಕೊ ಅಣೆಕಟ್ಟನ್ನು ನೋಡಬಹುದು. ಅದರ ಕಾಮಗಾರಿ 1967ರಲ್ಲಿ ಶುರುವಾಗಿತ್ತು. 1973ರಲ್ಲಿ ಅಲ್ಲಿನ ನದಿಯಲ್ಲಿ ಸ್ನೇಲ್ ಡಾರ್ಟರ್ ಎಂಬ ಪುಟ್ಟ ಮೀನು ಸಿಕ್ಕಿತು, 1978ರಲ್ಲಿ ಸುಪ್ರೀಂ ಕೋರ್ಟ್ ಬಹುತೇಕ ಮುಗಿದಿದ್ದ ಅಣೆಕಟ್ಟನ್ನು ತಡೆಯಿತು, 1979ರಲ್ಲಿ ಸಂಸತ್ತು ಕಾನೂನಿನಿಂದ ವಿನಾಯಿತಿ ಕೊಟ್ಟ ಮೇಲೆ ಅಣೆಕಟ್ಟಿನಲ್ಲಿ ನೀರು ತುಂಬಿಸಿದರು. ಬೇರೆ ಹೊಳೆಗಳಲ್ಲಿ ಮೀನು ಉಳಿದುಕೊಂಡಿತು ಎನ್ನುವುದು ಬೇರೆ ಮಾತು. ಸ್ವಾರಸ್ಯವೆಂದರೆ, ಅದು ಪ್ರತ್ಯೇಕ ಪ್ರಭೇದವೇ ಅಲ್ಲ ಎಂದು 2025ರಲ್ಲಿ ಪ್ರಕಟವಾದ ಸಂಶೋಧನೆಯೊಂದು ವಾದಿಸಿತು. ಹೆಸರು ಮುಂದೆ ಬದಲಾಗಬಹುದಾದ್ದರಿಂದಲೇ ವರದಿಯಲ್ಲಿ ಹೆಸರಿನ ಜೊತೆ ಫೋಟೊ, ಮಾದರಿ, ಗುರುತಿಸಿದವರ ವಿವರ ಇರಬೇಕು.

ನಿಮ್ಮ ಮುಂದಿನ ಹೆಜ್ಜೆಯಾಗಿ, ಆಕ್ಷೇಪಣೆ ಸಲ್ಲಿಸುವ ಅವಧಿ ಮುಗಿಯುವುದರೊಳಗೆ ಲಿಖಿತವಾಗಿ ಅವರು ಕ್ಷೇತ್ರದಲ್ಲಿ ತುಂಬಿದ ನಮೂನೆಗಳನ್ನೂ ನಡೆದ ದಾರಿಯ ಜಿಪಿಎಸ್ ಗುರುತುಗಳನ್ನೂ ಕೇಳಿರಿ. ಸಮೀಕ್ಷೆ ಮಾಡಿದವರು ಎರಡು ದಿನದಲ್ಲಿ ನಲವತ್ತು ಎಕರೆಯಲ್ಲಿ ಎಲ್ಲೆಲ್ಲಿ ನಡೆದರು ಎಂಬುದು ಆ ಗೆರೆಗಳಲ್ಲಿ ಕಾಣುತ್ತದೆ. ನಾನು ನೋಡಿದ ಒಂದು ವರದಿಯಲ್ಲಿ ಅವು ಗಾಡಿದಾರಿಯನ್ನು ಬಿಟ್ಟು ಕದಲಿರಲೇ ಇಲ್ಲ.