ನಿಮ್ಮ ಲೇಖನ ಏಳನೆಯ ಪುಟದಲ್ಲಿ ಆರಂಭವಾಗುತ್ತದೆ

ಪ್ರಿಯರೇ,

ಲೂಥರನ್ ಚರ್ಚಿನ ಆರಾಧನೆ, ಪ್ರಭುಭೋಜನ (ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿ) ಮತ್ತು ಆರ್ಗನ್ ಸಂಗೀತವನ್ನು ಕುರಿತು ನೀವು ಕಳುಹಿಸಿದ ಹನ್ನೊಂದು ಪುಟಗಳ ಪ್ರಬಂಧವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆವು. ಆದರೆ ಎರಡು ಸಾಲಿನ ವಿಷಾದಪತ್ರ ಬರೆದು ಸುಮ್ಮನಾಗಲು ನಿಮ್ಮ ಏಳನೆಯ ಪುಟ ನನ್ನನ್ನು ಬಿಡಲಿಲ್ಲ. ಆದ್ದರಿಂದ ಈ ದೀರ್ಘ ಉತ್ತರ.

ಆ ಪುಟದಲ್ಲಿ ನೀವು ಉತ್ತರ ಜರ್ಮನಿಯ ಒಂದು ಪಟ್ಟಣದ ಚರ್ಚಿನಲ್ಲಿ, ಆರ್ಗನ್ ಇರುವ ಮೇಲಂತಸ್ತಿಗೆ ಹತ್ತಿ, ವಾದಕರ ಪಕ್ಕದಲ್ಲಿ ಕುಳಿತಿದ್ದೀರಿ. ವಾದಕರ ಬೆನ್ನು ಆಲ್ಟರಿನ, ಎಂದರೆ ಚರ್ಚಿನ ಮುಂಭಾಗದ ಪವಿತ್ರ ಮೇಜಿನ ಕಡೆಗಿದೆ. ಸ್ವರಲಿಪಿ ಇಟ್ಟ ಹಲಗೆಗಿಂತ ತುಸು ಮೇಲೆ ಅವರ ಕಣ್ಣೆದುರಿಗೆ ಒಂದು ಚಿಕ್ಕ ಕನ್ನಡಿ. ಕೆಳಗೆ ಜನ ರೊಟ್ಟಿ ಮತ್ತು ದ್ರಾಕ್ಷಾರಸಕ್ಕಾಗಿ ಸಾಲಾಗಿ ಮುಂದೆ ಹೋಗುತ್ತಿದ್ದಾರೆ. ವಾದಕರು ನುಡಿಸುತ್ತಲೇ ಕನ್ನಡಿಯಲ್ಲಿ ಆ ಸಾಲಿನ ಕೊನೆಯನ್ನು ಹುಡುಕುತ್ತಿದ್ದಾರೆ. ಇನ್ನೂ ಹನ್ನೆರಡು ಮಂದಿ ಉಳಿದಿರುವುದನ್ನು ಕಂಡು, ಒಂದು ಹಾಳೆಯನ್ನು ಹಿಂದಕ್ಕೆ ಮಗುಚಿ, ಬಂದ ದಾರಿಯಲ್ಲೇ ಮತ್ತೆ ಸಾಗುತ್ತಾರೆ. ಇದನ್ನೆಲ್ಲ ಒಂಬತ್ತು ಸಾಲುಗಳಲ್ಲಿ ಹೇಳಿ ಮುಗಿಸಿ, ಹತ್ತನೆಯ ಸಾಲಿಗೆ ನೀವು ‘ಸಂಗೀತವು ಆತ್ಮದ ಭಾಷೆ’ ಎಂಬಲ್ಲಿಗೆ ಹೋಗಿಬಿಡುತ್ತೀರಿ. ಆ ಒಂಬತ್ತು ಸಾಲುಗಳೇ ನಿಮ್ಮ ಲೇಖನ. ಎಷ್ಟು ಹೊತ್ತು ನುಡಿಸಬೇಕೆಂದು ಮೊದಲೇ ಗೊತ್ತಿಲ್ಲದ, ಯಾರೂ ಅದಕ್ಕೆಂದೇ ಕುಳಿತು ಕೇಳದ, ಆದರೂ ಇಲ್ಲದಿದ್ದರೆ ಎಲ್ಲರಿಗೂ ತಿಳಿದುಬಿಡುವ ಸಂಗೀತವೊಂದನ್ನು ನೀವು ಕಂಡುಬಂದಿದ್ದೀರಿ. ಉಳಿದ ಹತ್ತು ಪುಟಗಳು ಅದನ್ನು ಮರೆಮಾಡಿವೆ.

ಮೊದಲು ಮಾತುಗಳ ವಿಷಯ. ಇದು ಅಕ್ಷರದೋಷದಂಥ ಸಣ್ಣ ಸಂಗತಿಯಲ್ಲ. ನೀವು ಉದ್ದಕ್ಕೂ ‘ಬಲಿಪೂಜೆ’, ‘ಪರಮಪ್ರಸಾದ’ ಎಂದು ಬರೆದಿದ್ದೀರಿ. ಕ್ಯಾಥೊಲಿಕರ ಕನ್ನಡದಲ್ಲಿ ಇವು ಸರಿಯಾದ, ದಿನಬಳಕೆಯ ಮಾತುಗಳು. ಪ್ರಾಟೆಸ್ಟೆಂಟರ ಕನ್ನಡದಲ್ಲಿ ಆರಾಧನೆ, ಪ್ರಭುಭೋಜನ, ಸಭಾಪಾಲಕರು ಎನ್ನುತ್ತಾರೆ. ಈ ವ್ಯತ್ಯಾಸ ಬರಿಯ ರೂಢಿಯದಾಗಿದ್ದರೆ ನಾವೇ ತಿದ್ದಿಕೊಳ್ಳುತ್ತಿದ್ದೆವು. ಆದರೆ ‘ಬಲಿ’ ಎಂಬ ಆ ಎರಡಕ್ಷರದ ಮೇಲೆಯೇ, ಈ ಪಂಥಕ್ಕೆ ಹೆಸರು ಕೊಟ್ಟ ಜರ್ಮನ್ ಸುಧಾರಕ ಮಾರ್ಟಿನ್ ಲೂಥರ್ ಜಗಳ ತೆಗೆದದ್ದು. 1523ರಲ್ಲಿ ಲ್ಯಾಟಿನ್ ಆರಾಧನಾ ಕ್ರಮವನ್ನು ಪರಿಷ್ಕರಿಸಿದಾಗ ಅವರು ಬಹುಪಾಲು ಹಳೆಯ ಕ್ರಮವನ್ನು ಹಾಗೆಯೇ ಉಳಿಸಿಕೊಂಡು, ಮನುಷ್ಯರು ದೇವರಿಗೆ ಬಲಿಯನ್ನು ಅರ್ಪಿಸುತ್ತಿದ್ದಾರೆ ಎಂಬ ಅರ್ಥ ಬರುವ ಪ್ರಾರ್ಥನೆಗಳನ್ನು ಹುಡುಕಿ ತೆಗೆದುಹಾಕಿದರು. ಅವರ ಪ್ರಕಾರ ಅಲ್ಲಿ ಕೊಡುವವನು ದೇವರು, ಕೈಯೊಡ್ಡುವವರು ಜನ. ಅವರು ತೆಗೆದ ಮಾತನ್ನು ನೀವು ಮೊದಲ ಪ್ಯಾರಾದಲ್ಲೇ ಮರಳಿ ತಂದು ಕೂರಿಸಿದ್ದೀರಿ. (ಆಲ್ಟರನ್ನು ನಾನು ಆಲ್ಟರ್ ಎಂದೇ ಬರೆಯುತ್ತಿರುವುದಕ್ಕೂ ಇದೇ ಕಾರಣ, ನಮ್ಮಲ್ಲಿರುವ ಬಲಿಪೀಠ, ಯಜ್ಞವೇದಿ ಎರಡೂ ಅದೇ ಹೊಗೆಯ ವಾಸನೆಯವು.)

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ‘ಲೂಥರನ್ನರಿಗೆ ರೊಟ್ಟಿಯು ಕೇವಲ ಒಂದು ಸಂಕೇತ’ ಎಂದು ಮೂರನೆಯ ಪುಟದಲ್ಲಿ ಬರೆದಿದ್ದೀರಿ. ಅದು ಜೂರಿಕ್ ನಗರದ ಸುಧಾರಕ ಜ್ವಿಂಗ್ಲಿಯ ಕಡೆಯ ಮಾತು. ಇದೇ ಪ್ರಶ್ನೆಯನ್ನು ಬಗೆಹರಿಸಲೆಂದು 1529ರ ಅಕ್ಟೋಬರಿನಲ್ಲಿ ಮಾರ್‌ಬುರ್ಗಿನಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸಲಾಯಿತು. ಲೂಥರ್ ‘ಇದು ನನ್ನ ದೇಹ’ ಎಂಬ ಲ್ಯಾಟಿನ್ ವಾಕ್ಯವನ್ನು ಸೀಮೆಸುಣ್ಣದಿಂದ ಮೇಜಿನ ಮೇಲೆ ಬರೆದಿಟ್ಟುಕೊಂಡು, ಅದರಲ್ಲಿನ ‘est’ ಎಂಬ ಪದಕ್ಕೆ ‘ಆಗಿದೆ’ ಎಂದೇ ಅರ್ಥ, ‘ಸೂಚಿಸುತ್ತದೆ’ ಎಂದಲ್ಲ ಎಂದು ಪಟ್ಟು ಹಿಡಿದರು. ಹದಿನೈದು ಅಂಶಗಳಲ್ಲಿ ಹದಿನಾಲ್ಕಕ್ಕೆ ಒಪ್ಪಿಗೆಯಾಯಿತು. ಹದಿನೈದನೆಯದಾದ ಪ್ರಭುಭೋಜನದಲ್ಲಿ, ದೇಹ ಮತ್ತು ರಕ್ತ ರೊಟ್ಟಿ ಮತ್ತು ದ್ರಾಕ್ಷಾರಸದಲ್ಲಿ ನಿಜವಾಗಿ ಇವೆಯೇ ಎಂಬ ಒಂದು ಮಾತಿಗೆ ಬಂದು ಮುರಿದುಬಿತ್ತು. ಲೂಥರನ್ನರ ನಂಬಿಕೆಗಳನ್ನು ವಿಧಿವಿಧಿಯಾಗಿ ಹೇಳುವ, ಮರುವರ್ಷದ ಔಗ್ಸ್‌ಬುರ್ಗ್ ವಿಶ್ವಾಸಪ್ರಕಟಣೆಯ ಹತ್ತನೆಯ ವಿಧಿ, ಅವು ನಿಜವಾಗಿ ಇವೆ ಮತ್ತು ಉಣ್ಣುವವರಿಗೆ ಹಂಚಲಾಗುತ್ತವೆ ಎಂದು ಹೇಳುತ್ತದೆ. ರೊಟ್ಟಿ ರೊಟ್ಟಿಯಾಗಿಯೇ ಉಳಿಯುತ್ತದೆ. ಅದರಲ್ಲಿ, ಅದರೊಡನೆ, ಅದರಡಿಯಲ್ಲಿ ಕ್ರಿಸ್ತನ ದೇಹವಿದೆ ಎಂಬುದು ಲೂಥರನ್ನರು ಬಳಸುವ ವಿವರಣೆ. ನೀವು ಇದನ್ನು ನಂಬಬೇಕೆಂದು ನಾನು ಹೇಳುತ್ತಿಲ್ಲ. ಕನ್ನಡಿಯಲ್ಲಿ ಕಂಡ ಆ ಸಾಲಿನ ಜನ ಇದನ್ನು ನಂಬಿ ನಡೆಯುತ್ತಿದ್ದಾರೆ ಎಂಬುದನ್ನು ಓದುಗನಿಗೆ ತಿಳಿಸದಿದ್ದರೆ, ಆ ನಡಿಗೆ ಏಕೆ ಅಷ್ಟು ನಿಧಾನ, ಸಂಗೀತ ಏಕೆ ತಗ್ಗಿದ ದನಿಯಲ್ಲಿರಬೇಕು ಎಂಬುದು ಅವನಿಗೆ ಅರ್ಥವಾಗುವುದಿಲ್ಲ.

ಇಲ್ಲಿಯೇ ನೀವು ಕೈಬಿಟ್ಟ ಒಂದು ಸಂಗತಿಯನ್ನೂ ಹೇಳಬೇಕು. ಸ್ವತಃ ಒಳ್ಳೆಯ ಸಂಗೀತಗಾರನಾಗಿದ್ದ ಜ್ವಿಂಗ್ಲಿಯ ನಗರದಲ್ಲೇ ಆರ್ಗನ್‌ಗಳನ್ನು ಮೌನಗೊಳಿಸಿದರು. ಮುಖ್ಯ ಚರ್ಚಿನ ಆರ್ಗನನ್ನು 1527ರಲ್ಲಿ ಕಳಚಿಹಾಕಿದರು. ಲೂಥರನ್ನರ ಕಡೆ ಅದು ಉಳಿಯಿತು. ರೊಟ್ಟಿಯ ವಾದಕ್ಕೂ ಆರ್ಗನ್ನಿನ ಹಣೆಬರಹಕ್ಕೂ ನೇರವಾದ ಕಾರ್ಯಕಾರಣ ಸಂಬಂಧ ಕಟ್ಟಲು ಹೋಗಬೇಡಿ, ಅದು ಜಾರುವ ನೆಲ. ಎರಡನ್ನೂ ಅಕ್ಕಪಕ್ಕ ಇಟ್ಟು ಸುಮ್ಮನಿರಿ, ಸಾಕು.

ಆರ್ಗನ್ನಿನ ಚರಿತ್ರೆಯನ್ನು ಹೇಳುವ ಎರಡು ಪುಟಗಳನ್ನು ನೀವು ಬಹಳ ಆತ್ಮವಿಶ್ವಾಸದಿಂದ ಬರೆದಿದ್ದೀರಿ, ಆದರೆ ತಳಹದಿಯೇ ತಪ್ಪಾಗಿದೆ. ಲೂಥರರ ಕಾಲದಲ್ಲಿ ಸಭೆಯ ಹಾಡಿಗೆ ಆರ್ಗನ್ ಜೊತೆ ಕೊಡುತ್ತಿರಲಿಲ್ಲ. ಕ್ಯಾಂಟರ್ (ಚರ್ಚಿನ ಹಾಡುಗಾರಿಕೆಯನ್ನು ನಡೆಸುವವರು) ಮತ್ತು ಶಾಲಾ ಹುಡುಗರ ಮೇಳ ಮುಂದಾಳಾಗಿ, ಜನ ಬರಿದನಿಯಲ್ಲಿ ಹಾಡುತ್ತಿದ್ದರು. ಆರ್ಗನ್ ತನ್ನ ಸರದಿ ಬಂದಾಗ ಒಂದು ನುಡಿಯನ್ನು ತಾನೊಂದೇ ನುಡಿಸಿ ಬಿಟ್ಟುಕೊಡುತ್ತಿತ್ತು. ಆರ್ಗನ್ನಿನ ಜೊತೆಯಲ್ಲಿ ಸಭೆ ಹಾಡುವ ಪದ್ಧತಿ ಹದಿನೇಳನೆಯ ಶತಮಾನದಲ್ಲಿ ಊರೂರಿಗೆ ಬೇರೆಬೇರೆ ವೇಗದಲ್ಲಿ ಹರಡಿತು. 1604ರ ಹ್ಯಾಂಬರ್ಗ್ ಗೀತಸಂಗ್ರಹದಲ್ಲಿ ಅದರ ಮೊದಲ ಸುಳಿವುಗಳಿವೆ, ಸಂಗೀತ ರಚನಕಾರ ಸಾಮುವೆಲ್ ಶೈಟ್ 1650ರಲ್ಲಿ ಇದಕ್ಕೆಂದೇ ನೂರು ಗೀತೆಗಳನ್ನು ಆರ್ಗನ್ನಿಗೆ ಹೊಂದಿಸಿಕೊಟ್ಟರು. ನಿಮ್ಮ ವಿಷಯಕ್ಕೆ ಹೆಚ್ಚು ಬೇಕಾದದ್ದು ಇನ್ನೊಂದು. 1526ರ ಜರ್ಮನ್ ಆರಾಧನಾ ಕ್ರಮದಲ್ಲಿ ಲೂಥರ್, ರೊಟ್ಟಿಯನ್ನು ಹಂಚುವಾಗ ಇಂತಿಂಥ ಹಾಡುಗಳನ್ನು ಹಾಡಿ, ಪಾತ್ರೆಯನ್ನು ಕೊಡುವಾಗ ಉಳಿದವನ್ನು ಹಾಡಿ ಎಂದು ಸೂಚಿಸಿದ್ದಾರೆ. ಎಂದರೆ ಪ್ರಭುಭೋಜನದ ಹೊತ್ತಿನ ಸಂಗೀತ ಮೊದಲು ಜನರ ಬಾಯಲ್ಲೇ ಇತ್ತು. ಅದರಲ್ಲಿ ಅರ್ಧಪಾಲು ಮೇಲಂತಸ್ತಿನ ಒಬ್ಬ ಮನುಷ್ಯನ ಕೈಗೂ ಕಾಲಿಗೂ ಹೇಗೆ ಬಂದಿತು ಎಂಬ ಕಥೆಯನ್ನು ನೀವು ಹೇಳಬಹುದಿತ್ತು.

ಜರ್ಮನ್ ಸಂಗೀತ ರಚನಕಾರ ಬಾಖ್ ಬಗ್ಗೆ ನೀವು ಬರೆದಿರುವುದರಲ್ಲಿ ಭಕ್ತಿ ಹೆಚ್ಚಾಯಿತು, ಮಾಹಿತಿ ಕಡಿಮೆಯಾಯಿತು. 1723ರಿಂದ 1750ರವರೆಗೆ ಲೈಪ್ಜಿಗ್‌ನ ಸಂತ ಥಾಮಸ್ ಚರ್ಚಿನಲ್ಲಿ ಅವರು ಆರ್ಗನ್ ವಾದಕರಾಗಿರಲಿಲ್ಲ, ಕ್ಯಾಂಟರ್ ಆಗಿದ್ದರು. ಅಲ್ಲಿ ಆರ್ಗನ್ನಿಗೆ ಬೇರೆ ಸಂಬಳದ ಬೇರೆ ವಾದಕರಿದ್ದರು. ಬಾಖ್ ವಾದಕರಾಗಿ ಹೊಟ್ಟೆ ಹೊರೆದದ್ದು ಅದಕ್ಕೆ ಮೊದಲು, ಆರ್ನ್‌ಸ್ಟಾಟ್, ಮ್ಯೂಲ್‌ಹೌಸನ್ ಮತ್ತು ವೈಮಾರ್‌ಗಳಲ್ಲಿ. ಇದನ್ನು ಸರಿಪಡಿಸಿದರೆ ನಿಮಗೆ ನಷ್ಟವೇನಿಲ್ಲ, ಲಾಭವೇ ಇದೆ, ಏಕೆಂದರೆ ನಿಮ್ಮ ಕನ್ನಡಿಗೆ ಬೇಕಾದ ಎರಡು ದಾಖಲೆಗಳೂ ಈ ಎರಡು ಕಾಲಘಟ್ಟಗಳಲ್ಲೇ ಸಿಗುತ್ತವೆ.

ಮೊದಲನೆಯದು ಲೈಪ್ಜಿಗ್‌ನದು. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ ಬೆಳಗಿನ ಆರಾಧನೆಯಲ್ಲಿ ಯಾವುದರ ನಂತರ ಯಾವುದು ಎಂಬುದನ್ನು ಬಾಖ್ ತಮ್ಮದೇ ಒಂದು ಕ್ಯಾಂಟಾಟಾದ (ಗಾಯನ ಮತ್ತು ವಾದ್ಯಗಳಿಗಾಗಿ ಬರೆದ ರಚನೆಯ) ಹಸ್ತಪ್ರತಿಯಲ್ಲಿ ಗುರುತು ಹಾಕಿಕೊಂಡಿದ್ದಾರೆ. ಪಟ್ಟಿಯ ಕೊನೆಯಲ್ಲಿ ಪ್ರಭುಭೋಜನ ಬರುತ್ತದೆ. ಅಲ್ಲಿ ಅವರು ಬರೆದುಕೊಂಡಿರುವುದರ ಸಾರ ಇಷ್ಟೇ: ಒಮ್ಮೆ ಆರ್ಗನ್ ಪೀಠಿಕೆ, ಒಮ್ಮೆ ಸಭೆಯ ಗೀತೆ, ಹೀಗೆ ಒಂದರ ನಂತರ ಒಂದು, ಭೋಜನ ಮುಗಿಯುವವರೆಗೆ. ಎಷ್ಟು ಪೀಠಿಕೆ, ಎಷ್ಟು ಗೀತೆ ಎಂಬ ಲೆಕ್ಕ ಅಲ್ಲಿಲ್ಲ. ಅಷ್ಟು ಲೆಕ್ಕಾಚಾರದ ಮನುಷ್ಯನೂ ಅಲ್ಲಿಗೆ ಬಂದು ಲೆಕ್ಕ ಬಿಟ್ಟಿದ್ದಾರೆ, ಏಕೆಂದರೆ ಅಂದು ಎಷ್ಟು ಜನ ಎದ್ದು ಬರುತ್ತಾರೆಂಬುದನ್ನು ಯಾರೂ ಹೇಳುವಂತಿರಲಿಲ್ಲ.

ಎರಡನೆಯದನ್ನು ಓದಿದರೆ ನಿಮಗೆ ನಗು ಬರಬೇಕು. ಆರ್ನ್‌ಸ್ಟಾಟ್‌ನಲ್ಲಿ ಇಪ್ಪತ್ತರ ಹರೆಯದಲ್ಲಿದ್ದ ಬಾಖ್, 1705ರಲ್ಲಿ ನಾಲ್ಕು ವಾರ ರಜೆ ಪಡೆದು, ಹೆಸರಾಂತ ಆರ್ಗನ್ ವಾದಕ ಬುಕ್ಸ್ಟೆಹೂಡ ಅವರ ವಾದನ ಕೇಳಲೆಂದು ದೂರದ ಲ್ಯೂಬೆಕ್ಕಿಗೆ ಕಾಲ್ನಡಿಗೆಯಲ್ಲಿ ಹೋಗಿ, ಸುಮಾರು ನಾಲ್ಕು ತಿಂಗಳ ನಂತರ ಮರಳಿದರು. 1706ರ ಫೆಬ್ರವರಿಯಲ್ಲಿ ಚರ್ಚಿನ ಅಧಿಕಾರಿಗಳು ವಿಚಾರಣೆಗೆ ಕರೆದರು. ರಜೆಯ ಜೊತೆಗೆ ಇನ್ನೊಂದು ದೂರೂ ಇತ್ತು: ಗೀತೆಯ ನಡುವೆ ವಿಚಿತ್ರ ಬದಲಾವಣೆಗಳನ್ನೂ ಹೊರಗಿನ ಸ್ವರಗಳನ್ನೂ ಬೆರೆಸಿ ಸಭೆಯನ್ನು ಗೊಂದಲಗೆಡಿಸುತ್ತಾನೆ. ಅದೇ ಕಡತದಲ್ಲಿ ಮೇಳದ ಹುಡುಗರ ಮುಖಂಡ ಹೇಳಿದ ಮಾತೂ ದಾಖಲಾಗಿದೆ: ಮೊದಲು ಅತಿ ದೀರ್ಘವಾಗಿ ನುಡಿಸುತ್ತಿದ್ದ, ಹಾಗೆ ಮಾಡಬೇಡವೆಂದು ಮೇಲಿನವರು ಹೇಳಿದ್ದೇ ತಡ, ಇನ್ನೊಂದು ತುದಿಗೆ ಹಾರಿ ಅತಿ ಚಿಕ್ಕದಾಗಿ ಮುಗಿಸತೊಡಗಿದ. ನಿಮ್ಮ ವಾದಕರು ಕನ್ನಡಿ ನೋಡುತ್ತ ಹಾಳೆ ಮಗುಚಿದ ಕ್ಷಣಕ್ಕೆ ಮುನ್ನೂರು ವರ್ಷಗಳ ಹಿಂದಿನ ಈ ಕಡತ ನೇರವಾಗಿ ಬಂದು ಸೇರುತ್ತದೆ. ಇದನ್ನು ಬಿಟ್ಟು ನೀವು ‘ಸಂಗೀತಲೋಕದ ಧ್ರುವತಾರೆ’ ಎಂದು ಬರೆದಿದ್ದೀರಿ.

ವಿಶೇಷಣಗಳ ಮಾತು ಬಂದದ್ದರಿಂದ ಹೇಳುತ್ತೇನೆ. ಆ ದಿನ ನುಡಿಸಿದ ‘ಶ್ಮ್ಯೂಕೆ ಡಿಷ್’ ಎಂಬ ಗೀತೆಯ ಮೇಲಿನ ಬಾಖ್ ರಚನೆಗೆ ದೈವಿಕ, ಅಲೌಕಿಕ, ಸ್ವರ್ಗೀಯ, ಅನಿರ್ವಚನೀಯ ಎಂದು ನಾಲ್ಕು ಹಾರ ಹಾಕಿದ್ದೀರಿ. ಅನಿರ್ವಚನೀಯ ಎಂದ ಮೇಲೂ ಮೂರು ವಾಕ್ಯ ಮುಂದುವರಿಸಿದ್ದೀರಿ. ಕೇಳುವವನಿಗೆ ಅಲ್ಲಿ ಏನಾಗುತ್ತದೆ ಎಂಬುದನ್ನು ಹೇಳಿ. ಅದು ಪ್ರಭುಭೋಜನದ ಗೀತೆ. ಯೋಹಾನ್ ಫ್ರಾಂಕ್ ಬರೆದದ್ದು, ಕ್ರ್ಯೂಗರ್ ರಾಗ ಕಟ್ಟಿದ್ದು. ಔತಣಕ್ಕೆ ಹೊರಟಿರುವ ಆತ್ಮಕ್ಕೆ ‘ನಿನ್ನನ್ನು ಸಿಂಗರಿಸಿಕೊ’ ಎನ್ನುತ್ತದೆ. ಬಾಖ್ ರಚನೆಯಲ್ಲಿ ಕೆಳಗಿನ ಧ್ವನಿಗಳು ಮೊದಲು ಹೊರಡುತ್ತವೆ, ಮೂರು ಎಣಿಕೆಯ ನಿಧಾನ ನಡೆಯಲ್ಲಿ, ಆ ಕಾಲದ ಸರಬಾಂದ್ ಎಂಬ ನೃತ್ಯದ ತೂಕದಲ್ಲಿ. ಆಮೇಲೆ ಮೇಲಿನ ಧ್ವನಿಯಲ್ಲಿ ಗೀತೆಯ ಒಂದು ಸಾಲು, ಸಭೆಗೆ ಗೊತ್ತಿರುವ ರಾಗವೇ ಆದರೂ ಗಮಕಗಳಿಂದ ಸಿಂಗಾರಗೊಂಡು ಬರುತ್ತದೆ. ಸಾಲು ನಿಂತಾಗ ಕೆಳಗಿನ ನಡೆ ನಿಲ್ಲುವುದಿಲ್ಲ, ಮುಂದಿನ ಸಾಲು ಬರುವವರೆಗೆ ಸಾಗುತ್ತಿರುತ್ತದೆ. ಆಲ್ಟರಿನ ಕಡೆಗೆ ಮೆಲ್ಲನೆ ನಡೆಯುವವರಿಗೆ ಕುಣಿತದ ಲಯವನ್ನು ಕೊಟ್ಟದ್ದೇಕೆ ಎಂಬ ಪ್ರಶ್ನೆಯನ್ನು ನೀವು ಕೇಳಿಕೊಂಡಿದ್ದರೆ ಆ ನಾಲ್ಕೂ ವಿಶೇಷಣಗಳು ತಾವಾಗಿ ಉದುರುತ್ತಿದ್ದವು.

ವಾದ್ಯವನ್ನು ‘ಬೃಹತ್ ಹಾರ್ಮೋನಿಯಂ’ ಎಂದಿದ್ದೀರಿ. ಓದುಗನಿಗೆ ಗೊತ್ತಿರುವುದರ ಮೂಲಕ ಗೊತ್ತಿಲ್ಲದ್ದನ್ನು ಹೇಳುವ ಉದ್ದೇಶ ಸರಿ, ಹೋಲಿಕೆ ತಪ್ಪು. ಹಾರ್ಮೋನಿಯಂನಲ್ಲಿ ನುಡಿಯುವುದು ಲೋಹದ ರೀಡು. ಪೈಪ್ ಆರ್ಗನ್ನಿನ ಬಹುಪಾಲು ಕೊಳವೆಗಳು ಕೊಳಲಿನ ಜಾತಿಯವು, ಅಂಚಿಗೆ ಗಾಳಿ ಬಡಿದು ನಾದ ಹುಟ್ಟುತ್ತದೆ. ‘ಎಂಟು ಅಡಿ’ ಎಂಬ ಶ್ರೇಣಿಯಲ್ಲಿ ಅತಿ ಕೆಳಗಿನ ಸ್ವರದ ತೆರೆದ ಕೊಳವೆ ಸುಮಾರು ಎಂಟು ಅಡಿ ಉದ್ದವೇ ಇರುತ್ತದೆ. ಕೀಲಿಯನ್ನು ಎಷ್ಟು ಜೋರಾಗಿ ಒತ್ತಿದರೂ ದನಿ ಹೆಚ್ಚುವುದಿಲ್ಲ. ಬೆರಳು ಎತ್ತುವವರೆಗೆ ಕುಗ್ಗುವುದೂ ಇಲ್ಲ. ನಿಮಗೆ ಬೇಕಾದ ವಿಷಯ ಈ ಕೊನೆಯ ಮಾತಿನಲ್ಲಿದೆ: ಉಸಿರು ಕಟ್ಟದ ವಾದ್ಯವೊಂದು ಉಸಿರಾಡಲೇಬೇಕಾದ ಜನರ ಜೊತೆ ಹಾಡಬೇಕು, ಆದ್ದರಿಂದ ಒಳ್ಳೆಯ ವಾದಕರು ಸಾಲಿನ ಕೊನೆಯಲ್ಲಿ ಬೆರಳೆತ್ತಿ ಸಭೆಯೊಡನೆ ಉಸಿರೆಳೆದುಕೊಳ್ಳುತ್ತಾರೆ. ‘ಏಕಾಂಗಿ ತಪಸ್ವಿ’ ಎಂಬ ಚಿತ್ರವನ್ನೂ ಬಿಡಿ. ವಿದ್ಯುತ್ ಬರುವ ಮೊದಲು ತಿದಿಯನ್ನು ತುಳಿಯುವ ಆಳಿಲ್ಲದೆ ಯಾವ ಮಹಾವಾದಕನೂ ಒಂದು ಸ್ವರವನ್ನೂ ಹೊರಡಿಸಲಾರದವನಾಗಿದ್ದ.

ಲೂಥರರ ಸುಧಾರಣೆ ಶುರುವಾದ 1517ರಿಂದ ಆರಂಭಿಸುವ ಮೊದಲ ಎರಡು ಪುಟಗಳು ಬೇಡ. ಕೊನೆಯ ಪುಟವೂ ಬೇಡ, ಅಲ್ಲಿ ನೀವು ವಿಶ್ವಶಾಂತಿಗೆ ಹೋಗಿದ್ದೀರಿ.

ತಿದ್ದಿ ಬರೆಯುವುದಾದರೆ ಕನ್ನಡಿಯಿಂದ ಆರಂಭಿಸಿ ಕನ್ನಡಿಯ ಬಳಿಯೇ ಇರಿ. ಚರಿತ್ರೆ ಬೇಕಾದಾಗ ಅಲ್ಲಿಂದಲೇ ಕತ್ತು ತಿರುಗಿಸಿ ನೋಡಿ. ಕೆಲವು ಚರ್ಚುಗಳಲ್ಲಿ ಜನ ನಿಲ್ಲದೆ ಸಾಲಾಗಿ ಬಂದು ಹೋಗುತ್ತಾರೆ, ಕೆಲವೆಡೆ ಗುಂಪುಗುಂಪಾಗಿ ಆಲ್ಟರಿನ ಸುತ್ತ ನಿಂತು ಅಥವಾ ಮೊಣಕಾಲೂರಿ ಸ್ವೀಕರಿಸಿ, ಸಭಾಪಾಲಕರು ‘ಸಮಾಧಾನದಿಂದ ಹೋಗಿರಿ’ ಎಂದು ಆ ಗುಂಪನ್ನು ಬೀಳ್ಕೊಟ್ಟ ನಂತರ ಮುಂದಿನವರು ಬರುತ್ತಾರೆ. ನೀವು ನೋಡಿದ್ದು ಸಾಲು ಎಂದು ಒಂದೆಡೆ, ಗುಂಪು ಎಂದು ಇನ್ನೊಂದೆಡೆ ಬರೆದಿದ್ದೀರಿ. ಗುಂಪಾಗಿದ್ದರೆ ಪ್ರತಿ ಬೀಳ್ಕೊಡುಗೆಯ ಮಾತಿಗೂ ಮೇಲಿನ ಸಂಗೀತ ತಗ್ಗಬೇಕಾಗುತ್ತದೆ, ಹಾಗಾದರೆ ವಾದಕರು ಕನ್ನಡಿಯ ಜೊತೆಗೆ ಕಿವಿಯನ್ನೂ ಕೆಳಗೇ ಇಟ್ಟಿರಬೇಕು. ಎರಡರಲ್ಲಿ ಯಾವುದೆಂದು ನೆನಪು ಮಾಡಿಕೊಳ್ಳಿ.

ಇನ್ನೊಂದು. ಕೊನೆಯ ವ್ಯಕ್ತಿ ತನ್ನ ಜಾಗಕ್ಕೆ ಮರಳಿದಾಗ ‘ಆರ್ಗನ್ ನಿಂತಿತು’ ಎಂದು ಬರೆದಿದ್ದೀರಿ. ಹೇಗೆ ನಿಂತಿತು? ರಚನೆ ಮುಗಿದು ನಿಂತಿತೋ, ವಾದಕರು ನಡುವೆ ಎಲ್ಲೋ ಒಂದು ಮುಕ್ತಾಯವನ್ನು ತಾವೇ ಕಟ್ಟಿ ನಿಲ್ಲಿಸಿದರೋ? ಅವರ ವಿಳಾಸ ನಿಮ್ಮ ಬಳಿ ಇದೆಯೆಂದು ಟಿಪ್ಪಣಿಯಲ್ಲಿ ತಿಳಿಸಿದ್ದೀರಿ. ರಚನೆ ಮುಗಿದುಹೋಗಿ, ಕನ್ನಡಿಯಲ್ಲಿ ಇನ್ನೂ ಮೂವರು ನಿಂತಿದ್ದರೆ ಏನು ಮಾಡುತ್ತೀರಿ ಎಂದು ಕೇಳಿ ಬರೆಯಿರಿ. ಅವರ ಉತ್ತರ ಬಂದ ಮೇಲೆ ಲೇಖನವನ್ನು ಮತ್ತೆ ಕಳುಹಿಸಿ.

ಇಂತು,
ಸಂಪಾದಕ