ಎದೆಗೆ ಟ್ಯೂಬ್ ಹಾಕಿದರೆ ಆಂಟಿಬಯೋಟಿಕ್ ಎಷ್ಟು ದಿನ?

ಪ್ರಶ್ನೆ: ನನ್ನ ತಮ್ಮ ತೆಂಗಿನ ಮರದಿಂದ ಬಿದ್ದು ಬಲಗಡೆ ನಾಲ್ಕು ಪಕ್ಕೆಲುಬು ಮುರಿದವು. ಎದೆಯಲ್ಲಿ ರಕ್ತ ತುಂಬಿದೆ ಎಂದು ಟ್ಯೂಬ್ ಹಾಕಿ ಬಾಟಲಿ ಕಟ್ಟಿದರು. ಆಂಟಿಬಯೋಟಿಕ್ ಒಂದೇ ಸಲ ಕೊಟ್ಟು ನಿಲ್ಲಿಸಿಬಿಟ್ಟರು. ಪಕ್ಕದ ಊರಿನವರೊಬ್ಬರಿಗೆ ಬೈಕಿನಿಂದ ಬಿದ್ದು ಹೀಗೇ ಆದಾಗ, ಟ್ಯೂಬ್ ತೆಗೆಯುವ ತನಕ ಏಳು ದಿನ ಇಂಜೆಕ್ಷನ್ ಹಾಕಿದ್ದರಂತೆ. ನಮ್ಮವನಿಗೆ ಕಡಿಮೆಯಾಯಿತೇ? ಕೀವಾದರೆ ಏನು ಗತಿ?
– ತಿಪಟೂರು ತಾಲ್ಲೂಕಿನ ಓದುಗರು

ಉತ್ತರ: ಕಡಿಮೆಯಾಗಿಲ್ಲ, ಧೈರ್ಯವಾಗಿರಿ. ಈ ಇಂಜೆಕ್ಷನ್ ಮುಖ್ಯವಾಗಿ ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳಿಗಾಗಿ. ಅದರಲ್ಲೂ ಸ್ಟ್ಯಾಫೈಲೊಕಾಕಸ್ ಆರಿಯಸ್ ಎಂಬುದಕ್ಕಾಗಿ. ಚರ್ಮ ಕೊಯ್ದು ಬೆರಳು ಮತ್ತು ಟ್ಯೂಬ್ ಒಳಗೆ ಹೋಗುವ ಆ ಕೆಲವು ನಿಮಿಷಗಳಲ್ಲಿ ಅವು ಎದೆಗೂಡಿನೊಳಗೆ ಸೇರಿಕೊಳ್ಳಬಹುದು. ಆ ಹೊತ್ತಿಗೆ ರಕ್ತದಲ್ಲಿ ಔಷಧ ಇರಬೇಕು. ಒಂದು ಡೋಸ್, ಹೆಚ್ಚೆಂದರೆ 24 ಗಂಟೆ, ಅಷ್ಟೇ ಸಾಕು.

ಟ್ಯೂಬ್ ಇರುವಷ್ಟು ದಿನವೂ ಔಷಧ ಇರಲಿ ಎನ್ನುವುದು ಕೇಳಲು ಸರಿಯೆನಿಸುತ್ತದೆ. ಆದರೆ ದಿನ ಕಳೆದಂತೆ ಟ್ಯೂಬಿನ ಮೈಮೇಲೆ ಬ್ಯಾಕ್ಟೀರಿಯಾಗಳು ಲೋಳೆಯಂಥ ಪದರ ಕಟ್ಟಿಕೊಳ್ಳುತ್ತವೆ. ರಕ್ತದಲ್ಲಿರುವ ಔಷಧ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಔಷಧಕ್ಕೆ ಬಗ್ಗುವ ಬ್ಯಾಕ್ಟೀರಿಯಾ ಸಾಯುತ್ತವೆ, ಬಗ್ಗದವು ಉಳಿದು ಬೆಳೆಯುತ್ತವೆ. ಮುಂದೆ ನಿಜಕ್ಕೂ ನಂಜಾದರೆ ಕೊಡುವ ಔಷಧಕ್ಕೆ ಜಗ್ಗದ ನಂಜಾಗಿರುತ್ತದೆ. ಜೊತೆಗೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಕೆಟ್ಟು ಭೇದಿ ಹತ್ತುವುದೂ ಉಂಟು.

ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಪದ್ಧತಿ ಇರುವುದಕ್ಕೆ ಕಾರಣವಿದೆ. ಅಮೆರಿಕದ ಈಸ್ಟರ್ನ್ ಅಸೋಸಿಯೇಷನ್ ಫಾರ್ ದಿ ಸರ್ಜರಿ ಆಫ್ ಟ್ರಾಮಾ 2012ರ ಮಾರ್ಗಸೂಚಿಯಲ್ಲಿ, ಕೊಡಿ ಎನ್ನಲೂ ಬೇಡ ಎನ್ನಲೂ ಸಾಕಷ್ಟು ಆಧಾರವಿಲ್ಲ ಎಂದಿತ್ತು. 2022ರಲ್ಲಿ, ಟ್ಯೂಬ್ ಹಾಕುವಾಗ ಕೊಡುವುದು ಒಳ್ಳೆಯದು ಎಂದು ಷರತ್ತಿನ (ಅಂದರೆ ಅಷ್ಟು ಖಡಾಖಂಡಿತವಲ್ಲದ) ಸಲಹೆ ನೀಡಿತು. ಇರಿತ, ಗುಂಡೇಟಿನಂಥ ತೂತುಬಿದ್ದ ಗಾಯಗಳಲ್ಲಿ ಪ್ರಯೋಜನ ಎದ್ದು ಕಾಣುತ್ತದೆ. ಮರದಿಂದ ಬಿದ್ದ, ಗಾಡಿ ಗುದ್ದಿದ ಪೆಟ್ಟಿನಲ್ಲಿ ಅಷ್ಟು ಸ್ಪಷ್ಟವಿಲ್ಲ. ನಮ್ಮ ಮಟ್ಟಿಗೆ ಎರಡರಲ್ಲೂ ಒಂದು ಡೋಸ್ ಕೊಡುವುದೇ ಸರಿ.

ಕೀವಿನ ಭಯವಿದ್ದರೆ ನಿಮ್ಮ ಕಣ್ಣು ಇಂಜೆಕ್ಷನ್ ಮೇಲಲ್ಲ, ಬಾಟಲಿಯ ಮೇಲಿರಲಿ. ಎದೆಯೊಳಗೆ ಉಳಿದು ಹೆಪ್ಪುಗಟ್ಟಿದ ರಕ್ತವೆಂದರೆ ರೋಗಾಣುಗಳಿಗೆ ಹದ ಮಾಡಿಟ್ಟ ಹೊಲ. ಅದನ್ನು ಪೂರ್ತಿ ಬಸಿದು ತೆಗೆಯದಿದ್ದರೆ ಯಾವ ಔಷಧವೂ ಕಾಯುವುದಿಲ್ಲ. ಬಾಟಲಿಯ ನೀರಿನಲ್ಲಿ ಮುಳುಗಿರುವ ಕೊಳವೆಯನ್ನು ಹತ್ತಿರದಿಂದ ನೋಡಿ: ಉಸಿರಾಡಿದಂತೆಲ್ಲ ಅದರೊಳಗಿನ ನೀರು ಮೇಲೆ ಕೆಳಗೆ ಆಡುತ್ತಿರಬೇಕು. ಆಡದೆ ನಿಂತಿದ್ದರೆ ಶ್ವಾಸಕೋಶ ಪೂರ್ತಿ ಅರಳಿರಬಹುದು, ಇಲ್ಲವೇ ಟ್ಯೂಬ್ ಮೈಯಡಿ ಮಡಿಚಿರಬಹುದು, ಗರಣೆ ಕಟ್ಟಿರಬಹುದು. ಯಾವುದೆಂದು ಎಕ್ಸ್‌ರೇ ಹೇಳುತ್ತದೆ. ನೀವೇ ತೀರ್ಮಾನಿಸದೆ ಸಿಸ್ಟರನ್ನು ಕರೆಯಿರಿ. ಮೂರನೇ ದಿನಕ್ಕೂ ಎಕ್ಸ್‌ರೇಯಲ್ಲಿ ಆ ಭಾಗ ಬೆಳ್ಳಗೇ ಇದ್ದರೆ ಸಿಟಿ ಸ್ಕ್ಯಾನ್ ಬೇಕೇ ಎಂದು ವೈದ್ಯರನ್ನು ಕೇಳಿ. ರಕ್ತ ಉಳಿದಿದ್ದರೆ ಮೂರರಿಂದ ಏಳನೇ ದಿನದೊಳಗೆ ಕ್ಯಾಮೆರಾ ಹಾಕಿ ತೊಳೆದು ತೆಗೆಯುವುದು ಸುಲಭ. ಆಮೇಲೆ ಗರಣೆ ಶ್ವಾಸಕೋಶಕ್ಕೆ ಸಿಪ್ಪೆಯಂತೆ ಅಂಟಿಕೊಂಡು ದೊಡ್ಡ ಆಪರೇಷನ್ನೇ ಬೇಕಾಗಬಹುದು.

ಪ್ರಶ್ನೆ: ಮಾವಿನ ಕೊಯ್ಲಿನ ಕಾಲದಲ್ಲಿ ಮರದಿಂದ ಬಿದ್ದವರು ನಮ್ಮಲ್ಲಿಗೆ ಬರುತ್ತಲೇ ಇರುತ್ತಾರೆ. ಐಸಿಡಿ (ಎದೆಯ ಟ್ಯೂಬ್) ಹಾಕುವ ಮುನ್ನ ಯಾವ ಔಷಧ, ಎಷ್ಟು, ಯಾವಾಗ ಕೊಡಬೇಕು? ಸ್ಟಾಕಿನಲ್ಲಿ ಯಾವಾಗಲೂ ಇರುವುದು ಸೆಫ್ಟ್ರಿಯಾಕ್ಸೋನ್.
– ಶುಶ್ರೂಷಾಧಿಕಾರಿ, ಶ್ರೀನಿವಾಸಪುರ

ಉತ್ತರ: ಮೊದಲ ಆಯ್ಕೆ ಸೆಫಜೋಲಿನ್. ದೊಡ್ಡವರಿಗೆ 2 ಗ್ರಾಂ, ತೂಕ 120 ಕಿಲೋ ಅಥವಾ ಹೆಚ್ಚಿದ್ದರೆ 3 ಗ್ರಾಂ, ಮಕ್ಕಳಿಗೆ ಕಿಲೋಗೆ 30 ಮಿ.ಗ್ರಾಂ. 1 ಗ್ರಾಂ ವಯಲ್ ಎರಡನ್ನು ತಲಾ 10 ಮಿ.ಲೀ. ಸ್ಟೆರೈಲ್ ವಾಟರಿನಲ್ಲಿ ಕರಗಿಸಿ, 3–5 ನಿಮಿಷದಲ್ಲಿ ನಿಧಾನವಾಗಿ ಐವಿ ಕೊಡಿ. ವೈದ್ಯರು ಕೈ ತೊಳೆದು ಗೌನ್ ತೊಡುವಷ್ಟರಲ್ಲಿ ಶುರು ಮಾಡಿದರೆ ಬ್ಲೇಡ್ ತಾಗುವ ಮುನ್ನ ಮುಗಿದಿರುತ್ತದೆ. ರೋಗಿ ಉಸಿರಿಗೆ ಒದ್ದಾಡುತ್ತಿದ್ದರೆ, ಬಿಪಿ ಕುಸಿದು ಕತ್ತಿನ ನರ ಉಬ್ಬಿದ್ದರೆ ಮಾತ್ರ ಇಂಜೆಕ್ಷನ್ನಿಗೆ ಕಾಯಬೇಡಿ. ಮೊದಲು ಎದೆಯ ಗಾಳಿ ಹೊರಗೆ ಹೋಗಲಿ, ಔಷಧ ಆಮೇಲೆ.

ಸೆಫ್ಟ್ರಿಯಾಕ್ಸೋನ್ ಒಂದೇ ಕೈಯಲ್ಲಿದ್ದರೆ ಒಂದು ಡೋಸ್ ಕೊಡುವುದು ತಪ್ಪಲ್ಲ. ಆದರೆ ಸ್ಟ್ಯಾಫೈಲೊಕಾಕಸ್ ಮೇಲೆ ಅದಕ್ಕೆ ಸೆಫಜೋಲಿನ್ನಿನಷ್ಟು ಹಿಡಿತವಿಲ್ಲ, ಬೇಡದ ಕಡೆಯೆಲ್ಲ ಬ್ಯಾಕ್ಟೀರಿಯಾಗಳನ್ನು ಗಟ್ಟಿ ಮಾಡುತ್ತದೆ. ಇಂಡೆಂಟಿನಲ್ಲಿ ಸೆಫಜೋಲಿನ್ ಬರೆಸಿ.

ಅಲರ್ಜಿ ವಿಷಯದಲ್ಲಿ, ಚರ್ಮದಡಿ ಟೆಸ್ಟ್ ಡೋಸ್ ಹಾಕಿ ನೋಡುವುದಕ್ಕಿಂತ ಸರಿಯಾಗಿ ವಿಚಾರಿಸುವುದೇ ಹೆಚ್ಚು ನಂಬಿಕೆಯದು. "ಹಿಂದೆ ಇಂಜೆಕ್ಷನ್ ಕೊಟ್ಟಾಗ ಮೈಮೇಲೆ ದದ್ದು, ಮುಖ ಊತ, ಉಸಿರು ಕಟ್ಟಿದ್ದು ಉಂಟೇನಮ್ಮ?" ಎಂದು ಜೊತೆಗೆ ಬಂದವರನ್ನೂ ಕೇಳಿ. ತೀವ್ರ ಅಲರ್ಜಿ ಇದ್ದವರಿಗೆ ಕ್ಲಿಂಡಾಮೈಸಿನ್ 900 ಮಿ.ಗ್ರಾಂ ಕೊಡಬಹುದು. ಯಾರಿಗೆ ಏನೇ ಕೊಡಲಿ, ಅಡ್ರಿನಲಿನ್ ಪಕ್ಕದಲ್ಲೇ ಇರಲಿ, ದೊಡ್ಡವರಿಗೆ 0.5 ಮಿ.ಗ್ರಾಂ, ತೊಡೆಯ ಸ್ನಾಯುವಿಗೆ.

ತಪ್ಪು ನಡೆಯುವುದು ಹೆಚ್ಚಾಗಿ ಕೇಸ್ ಶೀಟಿನಲ್ಲಿ. ಬರೀ ಔಷಧದ ಹೆಸರು ಬರೆದಿದ್ದರೆ ಡ್ಯೂಟಿ ಬದಲಾದಾಗ ಮುಂದಿನವರು ಅದನ್ನೇ ದಿನಕ್ಕೆರಡು ಸಲ ಎಂದು ಮುಂದುವರಿಸುತ್ತಾರೆ. "ಒಂದು ಡೋಸ್ ಮಾತ್ರ" ಎಂದು ವೇಳೆ ಸಮೇತ ಬರೆಸಿಕೊಳ್ಳಿ. ಕೋಲಾರಕ್ಕೋ ಬೆಂಗಳೂರಿಗೋ ಕಳಿಸುವಾಗ ರೆಫರಲ್ ಚೀಟಿಯಲ್ಲೂ ಅದೇ ವೇಳೆ ಇರಲಿ, ಇಲ್ಲದಿದ್ದರೆ ಹೋದ ಹೋದ ಕಡೆ ಮತ್ತೆ ಕೊಡುತ್ತಾರೆ. ಆಂಬುಲೆನ್ಸಿನಲ್ಲಿ ಬಾಟಲಿ ಎದೆಗಿಂತ ಕೆಳಗಿರಲಿ, ಟ್ಯೂಬಿಗೆ ಕ್ಲಾಂಪ್ ಬೇಡ: ಗಾಳಿ ಸೋರುತ್ತಿದ್ದರೆ ದಾರಿಯಲ್ಲೇ ಎದೆ ಬಿಗಿದು ಪ್ರಾಣಕ್ಕೆ ಬರುತ್ತದೆ.

ಇನ್ನು ಶುಚಿತ್ವ. ಕ್ಲೋರ್‌ಹೆಕ್ಸಿಡಿನ್ ಸ್ಪಿರಿಟ್ ಹಚ್ಚಿ ಪೂರ್ತಿ ಒಣಗಲು ಬಿಡಿ, ಒರೆಸಬೇಡಿ. ಅವಸರದಲ್ಲಿ ಒದ್ದೆ ಚರ್ಮವನ್ನೇ ಕೊಯ್ಯುವುದು ದಿನನಿತ್ಯದ ತಪ್ಪು. ಮಾಸ್ಕ್, ಗೌನ್, ಸ್ಟೆರೈಲ್ ಗ್ಲೌಸ್, ಅಗಲವಾದ ಡ್ರೇಪ್ ಬೇಕು. ಜಾಗ 4 ಅಥವಾ 5ನೇ ಪಕ್ಕೆಲುಬಿನ ಸಂದು, ಕಂಕುಳಿನ ನಡುಗೆರೆಗೆ ತುಸು ಮುಂದೆ. ಕೆಳಗಿನ ಎಲುಬಿನ ಮೇಲಂಚಿಗೆ ಒತ್ತಿಕೊಂಡು ಒಳಹೋಗಬೇಕು, ಏಕೆಂದರೆ ಪ್ರತಿ ಎಲುಬಿನ ಕೆಳಅಂಚಿನಲ್ಲಿ ರಕ್ತನಾಳ ಓಡುತ್ತದೆ. ಬೆರಳು ಹಾಕಿ ಸುತ್ತ ತಡವಿ ಶ್ವಾಸಕೋಶ ಅಂಟಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ 28–32 ಫ್ರೆಂಚ್ ಅಳತೆಯ ಟ್ಯೂಬ್. ಪಕ್ಕದ ತೂತುಗಳೆಲ್ಲ ಒಳಗಿರಬೇಕು. ಬಾಟಲಿಯ ಕೊಳವೆ ನೀರಿನಲ್ಲಿ 2 ಸೆಂ.ಮೀ. ಮುಳುಗಿದ್ದರೆ ಸಾಕು. ಟ್ಯೂಬ್ ಅರ್ಧ ಜಾರಿ ಹೊರಬಂದರೆ ಯಾವ ಕಾರಣಕ್ಕೂ ಮತ್ತೆ ಒಳಗೆ ತಳ್ಳಬೇಡಿ, ಹೊರಗಿನ ಕೊಳೆಯೆಲ್ಲ ಅದರೊಡನೆ ಒಳಗೆ ಹೋಗುತ್ತದೆ. ವೈದ್ಯರು ಬೇರೆ ಜಾಗದಲ್ಲಿ ಹೊಸದು ಹಾಕಲಿ.

ಪ್ರಶ್ನೆ: ಹೋರಿ ತಿವಿದು ಎದೆ ತೂತಾದರೂ ಒಂದೇ ಇಂಜೆಕ್ಷನ್ ಸಾಕೇ?
– ಗೌರಿಬಿದನೂರು

ಉತ್ತರ: ಸಾಲದು. ಕೊಂಬಿನ ಜೊತೆ ಮಣ್ಣು, ಸಗಣಿ, ಬಟ್ಟೆಯ ಚೂರು ಒಳಹೋಗಿರುತ್ತದೆ. ಅದು ಆಗಲೇ ಕೊಳೆಯಾದ ಗಾಯ. ಆಪರೇಷನ್ ಥಿಯೇಟರಿನಲ್ಲಿ ತೊಳೆದು, ಸತ್ತ ಮಾಂಸ ತೆಗೆದು, ಗಾಯ ನೋಡಿಕೊಂಡು ಕೆಲವು ದಿನ ಔಷಧ ಕೊಡುತ್ತಾರೆ. ಟ್ಯೂಬನ್ನು ಆ ತೂತಿನಿಂದಲೇ ಹಾಕಬಾರದು, ಬೇರೆ ಕಡೆ ಕೊಯ್ದು ಹಾಕಬೇಕು. ಟಿಟಿ ಹಾಕಿಸಿ ಐದು ವರ್ಷ ದಾಟಿದ್ದರೆ ಮತ್ತೆ ಬೇಕು; ಎಂದೂ ಹಾಕಿಸಿಲ್ಲದಿದ್ದರೆ ಜೊತೆಗೆ 250 ಯೂನಿಟ್ ಟೆಟನಸ್ ಇಮ್ಯುನೊಗ್ಲಾಬ್ಯುಲಿನ್. ಮನೆಯಲ್ಲಿ ಅರಿಶಿನ, ಕಾಫಿಪುಡಿ ತುಂಬಬೇಡಿ. ಚೊಕ್ಕ ಪ್ಲಾಸ್ಟಿಕ್ ಹಾಳೆ ಮುಚ್ಚಿ ಮೂರು ಬದಿ ಅಂಟಿಸಿ, ನಾಲ್ಕನೆಯದು ಬಿಟ್ಟು, 108ಕ್ಕೆ ಕರೆ ಮಾಡಿ.

ಪ್ರಶ್ನೆ: ಟ್ಯೂಬ್ ತೆಗೆದು ಮನೆಗೆ ಕಳಿಸಿದ್ದಾರೆ. ಏನು ಗಮನಿಸಬೇಕು? ಬದನೆಕಾಯಿ, ಮೊಸರು ನಂಜು ಎನ್ನುತ್ತಾರಲ್ಲ?
– ಪಾವಗಡ

ಉತ್ತರ: ಬದನೆಕಾಯಿಯಿಂದ ಎದೆಯಲ್ಲಿ ಕೀವಾಗುವುದಿಲ್ಲ. ಮುದ್ದೆ, ಅವರೆಕಾಳು ಸಾರು, ಮೊಟ್ಟೆ, ಮೊಸರು ಎಲ್ಲ ಕೊಡಿ. ಗಾಯ ಮಾಯಲು ಅದೇ ಬೇಕು. ನೋವಿನ ಮಾತ್ರೆ ತಪ್ಪಿಸಬೇಡಿ, ನೋವಿದ್ದರೆ ಕೆಮ್ಮಲಾರರು, ಕಫ ಒಳಗೇ ನಿಲ್ಲುತ್ತದೆ. ಮೂರು ಚೆಂಡಿನ ಸ್ಪೈರೋಮೀಟರನ್ನು ಎಚ್ಚರವಿರುವಾಗ ಗಂಟೆಗೆ ಹತ್ತು ಸಲ ಎಳೆಸಿ. ಊದುವುದಲ್ಲ, ಒಳಕ್ಕೆ ಎಳೆಯುವುದು; ಬಹಳ ಜನ ತಿರುಗಾಮುರುಗಾ ಮಾಡುತ್ತಾರೆ. ಬಿಟ್ಟಿದ್ದ ಜ್ವರ ಮರಳಿ ಬಂದರೆ, ಆ ಪಕ್ಕ ಭಾರವೆನಿಸಿದರೆ, ಉಸಿರು ಚಿಕ್ಕದಾದರೆ, ಗಾಯದಿಂದ ವಾಸನೆಯ ನೀರು ಬಂದರೆ ಅಂಗಡಿಯಿಂದ ಆಂಟಿಬಯೋಟಿಕ್ ತಂದು ನುಂಗಿಸದೆ ಅಂದೇ ಆಸ್ಪತ್ರೆಗೆ ಕರೆತನ್ನಿ. ಅಲ್ಟ್ರಾಸೌಂಡಿನಲ್ಲಿ ನೋಡಿ, ಸೂಜಿಯಿಂದ ನೀರು ತೆಗೆದು ಕಲ್ಚರ್‌ಗೆ ಕಳಿಸುತ್ತಾರೆ. ಕೀವಿದ್ದರೆ ಮತ್ತೆ ಟ್ಯೂಬ್ ಹಾಕಿ ಬಸಿದು, ಆಗ ವಾರಗಟ್ಟಲೆ ಔಷಧ ಕೊಡುತ್ತಾರೆ.